ಕೆಜಿಗೆ 3 ರೂಪಾಯಿ: ಮೂಳೆ ಗರಗಸ ತೊಳೆಯುವ ಲೆಕ್ಕ

ಯುಗಾದಿಯ ಮಾರನೆಯ ದಿನ ಹೊಸತೊಡಕು. ನೆಲಮಂಗಲದಿಂದ ಹೊಸಕೋಟೆಯವರೆಗೆ ಮಟನ್ ಅಂಗಡಿಗಳ ಮುಂದೆ ಅವತ್ತು ಬೆಳಕು ಹರಿಯುವ ಮೊದಲೇ ಸಾಲು ನಿಂತಿರುತ್ತದೆ. ಹೊಸಕೋಟೆಯಲ್ಲಿ ಭಾನುವಾರಗಳೂ ಹೆಚ್ಚುಕಡಿಮೆ ಹೀಗೆಯೇ. ನಸುಕಿನ ಬಿರಿಯಾನಿಗೆಂದು ಬೆಂಗಳೂರಿನಿಂದ ಬರುವವರ ಜೊತೆಗೆ ಊರಿನವರ ಮನೆಯಡುಗೆಯ ಬೇಡಿಕೆಯೂ ಸೇರುತ್ತದೆ. ಬೆಳಿಗ್ಗೆ 5ಕ್ಕೆ ಶುರುವಾದ ಕತ್ತರಿಸುವ ಕೆಲಸ ಮಧ್ಯಾಹ್ನ 1ರವರೆಗೆ ನಡೆದರೆ ಒಟ್ಟು 8 ಗಂಟೆ. ಅತಿ ಹೆಚ್ಚು ಮಾಂಸ ಹೋಗುವ ದಿನವೇ ಯಂತ್ರ ನಿಲ್ಲಿಸಿ ತೊಳೆಯಲು ಬಿಡುವು ಸಿಗುವುದು ಅತಿ ಕಡಿಮೆ.

ನೆಲಮಂಗಲ, ಹೊಸಕೋಟೆಗಳಿರುವ ಈ ಜಿಲ್ಲೆಯ ಸಣ್ಣ ಅಂಗಡಿಗಳಲ್ಲಿ ಈಗಲೂ ಮಚ್ಚು ಮತ್ತು ಮರದ ಕೊರಡಿನ ಮೇಲೇ ಕೆಲಸ. ಹಳ್ಳಿಯ ಗುಡ್ಡೆ ಮಾಂಸಕ್ಕೂ ಅಷ್ಟೇ ಸಾಕು. ಪಾಲು ಹಾಕಿ ಹಂಚಿದರೆ ಎರಡು ಮೂರು ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಹೋಟೆಲಿಗೆ ಒಂದೇ ಅಳತೆಯ ಚಾಪ್ಸ್, ಸೂಪಿಗೆ ಕಾಲು, ಮಂಜುಗಟ್ಟಿದ ಮಾಂಸ ಕತ್ತರಿಸಿ ಕೊಡುವ ದೊಡ್ಡ ಅಂಗಡಿಗೆ ಮಾತ್ರ ಬೋನ್ ಕಟಿಂಗ್ ಮಷೀನ್ ಬೇಕಾಗುತ್ತದೆ. ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ ಅದು.

ಮೇಜಿನ ಮೇಲಿಡುವ ಸಾಮಾನ್ಯ ಮಾದರಿಯ ಅಳತೆ ಹೀಗಿದೆ: ಚಕ್ರದ ವ್ಯಾಸ 21 ಸೆಂ.ಮೀ., ಬ್ಲೇಡಿನ ಸುತ್ತಳತೆ 1.65 ಮೀಟರ್, ಅಗಲ 16 ಮಿ.ಮೀ. ಚಕ್ರ ನಿಮಿಷಕ್ಕೆ 1,400 ಸುತ್ತು ತಿರುಗಿದರೆ ಬ್ಲೇಡ್ ಸೆಕೆಂಡಿಗೆ 15.4 ಮೀಟರ್ ಓಡುತ್ತದೆ. ಅಂದರೆ ಬ್ಲೇಡಿನ ಪ್ರತಿಯೊಂದು ಹಲ್ಲೂ ಸೆಕೆಂಡಿಗೆ 9 ಸಲಕ್ಕಿಂತ ಹೆಚ್ಚು, ನಿಮಿಷಕ್ಕೆ ಸುಮಾರು 560 ಸಲ ಮಾಂಸವನ್ನು ಮುಟ್ಟುತ್ತದೆ. ಇಂಚಿಗೆ 4 ಹಲ್ಲಿನಂತೆ ಎಣಿಸಿದರೆ ಇಡೀ ಬ್ಲೇಡಿನಲ್ಲಿ 260 ಹಲ್ಲು. ಪ್ರತಿ ಎರಡು ಹಲ್ಲಿನ ನಡುವಿನ ಸಂದಿಯಲ್ಲೂ ಕೊಬ್ಬು, ರಕ್ತ, ಮೂಳೆಪುಡಿ ತುಂಬಿಕೊಳ್ಳುತ್ತದೆ. ಮೊದಲ ಗಿರಾಕಿಯ ಮಾಂಸದಲ್ಲಿ ಏನಾದರೂ ಅಂಟಿದ್ದರೆ ಅದು ಕೆಲವೇ ಸೆಕೆಂಡಿನಲ್ಲಿ ಮೇಲಿನ ಚಕ್ರ, ಕೆಳಗಿನ ಚಕ್ರ, ಮಾರ್ಗದರ್ಶಿ ಕಟ್ಟೆ ಎಲ್ಲವನ್ನೂ ಸುತ್ತಿ ಎರಡನೆಯ ಗಿರಾಕಿಯ ಮಾಂಸಕ್ಕೆ ಬರುತ್ತದೆ. ಮಚ್ಚಿನಲ್ಲಿ ಕೊಳೆ ಕಣ್ಣಿಗೆ ಬೀಳುತ್ತದೆ, ಒರೆಸಿದರೆ ಹೋಗುತ್ತದೆ. ಗರಗಸದಲ್ಲಿ ಅದು ಬಾಗಿಲ ಹಿಂದೆ ಮರೆಯಾಗಿ ಕೂತಿರುತ್ತದೆ.

ಈಗ ಗಂಟೆಯ ಲೆಕ್ಕ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಒಳ್ಳೆಯ ಆಹಾರ ಸಿಕ್ಕರೆ ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಬ್ಲೇಡಿನ ಸಂದಿಯಲ್ಲಿ 1,000 ಇದ್ದವು ಎಂದುಕೊಳ್ಳಿ. 4 ಗಂಟೆಗೆ 8 ಸಲ ಇಮ್ಮಡಿಯಾಗಿ 2.56 ಲಕ್ಷ. ಹಾಗೇ ಬಿಟ್ಟು 8 ಗಂಟೆಯಾದರೆ 16 ಸಲ ಇಮ್ಮಡಿ: 6.55 ಕೋಟಿ. ಹೊತ್ತು ಎರಡರಷ್ಟಾದರೆ ಸಂಖ್ಯೆ 256 ಪಟ್ಟು. ಇದು ಕಾಗದದ ಮೇಲಿನ ಲೆಕ್ಕ; ಅಂಗಡಿಯಲ್ಲಿ ಬೆಳವಣಿಗೆ ಇಷ್ಟು ಸಲೀಸಾಗಿ ಸಾಗದೆ ಇರಬಹುದು. ಆದರೂ ದಿಕ್ಕು ಇದೇ. ಮಧ್ಯೆ ಒಮ್ಮೆ ತೊಳೆಯುವುದಕ್ಕೂ ಕೊನೆಗೆ ಒಮ್ಮೆ ಮಾತ್ರ ತೊಳೆಯುವುದಕ್ಕೂ ಇರುವ ವ್ಯತ್ಯಾಸ ಈ ಎರಡು ಅಂಕಿಗಳಲ್ಲಿದೆ.

ಅಮೆರಿಕದ ಆಹಾರ ಸಂಹಿತೆ ಇದನ್ನೇ ನಿಯಮ ಮಾಡಿದೆ. ಮಾಂಸ ಮುಟ್ಟುವ ಮೇಲ್ಮೈಯನ್ನು ಸಾಮಾನ್ಯ ಕೋಣೆಯಲ್ಲಿ ಕನಿಷ್ಠ 4 ಗಂಟೆಗೊಮ್ಮೆ ತೊಳೆಯಬೇಕು. ಕೋಣೆಯೇ ತಂಪಾಗಿದ್ದರೆ ಅವಧಿ ಹಿಗ್ಗುತ್ತದೆ: ಸುಮಾರು 10ರಿಂದ 13 ಡಿಗ್ರಿಯಲ್ಲಿ 10 ಗಂಟೆ, 7ರಿಂದ 10 ಡಿಗ್ರಿಯಲ್ಲಿ 16 ಗಂಟೆ, 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ 24 ಗಂಟೆ. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಏಪ್ರಿಲ್ ತಿಂಗಳ ಶಟರ್ ತೆರೆದ ಅಂಗಡಿಗೆ ಹೊಂದುವುದು ಮೊದಲ ಸಾಲು ಮಾತ್ರ. ನಮ್ಮ ಆಹಾರ ಸುರಕ್ಷತೆ ಪರವಾನಗಿ ನಿಯಮಗಳ (2011) 4ನೇ ಅನುಸೂಚಿ ಮಾಂಸದಂಗಡಿಯ ಉಪಕರಣಗಳನ್ನು ತೊಳೆಯಲು 82 ಡಿಗ್ರಿಯ ಬಿಸಿನೀರನ್ನು ಹೇಳುತ್ತದೆ, ಮತ್ತು ಕೊರಡನ್ನು ದಿನದ ಕೊನೆಗೆ ಬಿಸಿನೀರಿನಲ್ಲಿ ತೊಳೆದು ಮೇಲೆ ಉಪ್ಪು ಹರಡಬೇಕೆನ್ನುತ್ತದೆ. ಕೊಳಕಿನಲ್ಲಿ ಆಹಾರ ತಯಾರಿಸಿದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ 56ನೇ ಕಲಮಿನಡಿ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ತೊಳೆಯುವಾಗ ಹಂತಗಳ ಕ್ರಮ ತಪ್ಪಿದರೆ ಖರ್ಚೆಲ್ಲ ನೀರುಪಾಲು. ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತು ಬ್ಲೇಡ್ ಬಿಚ್ಚಬೇಕು, ಪುಡಿಯನ್ನು ಒಣಗಿದ್ದಾಗಲೇ ಕೆರೆದು ತೆಗೆಯಬೇಕು. ಕುರಿಯ ಕೊಬ್ಬು ಕರಗುವುದು 44ರಿಂದ 51 ಡಿಗ್ರಿಯ ನಡುವೆ. ಹಾಗಾಗಿ ತಣ್ಣೀರಿಗೆ ಅದು ಜಗ್ಗುವುದಿಲ್ಲ. ಮೊದಲೇ ಕುದಿಯುವ ನೀರು ಸುರಿದರೂ ಕಷ್ಟ, ರಕ್ತದ ಪ್ರೋಟೀನ್ ಬೆಂದು ಲೋಹಕ್ಕೆ ಕಚ್ಚುತ್ತದೆ. ಸುಮಾರು 55 ಡಿಗ್ರಿಯ ಸೋಪಿನ ನೀರು, ಬ್ರಷ್ಷು, ಆಮೇಲೆ ಸ್ವಚ್ಛ ನೀರು. ಕೊನೆಗೆ 82 ಡಿಗ್ರಿಯ ನೀರು, ಇಲ್ಲವೇ 200 ಪಿಪಿಎಂ ಕ್ಲೋರಿನ್ ನೀರು. ಕೊಬ್ಬು ಉಳಿದಿರುವಾಗಲೇ ಕ್ಲೋರಿನ್ ಹಾಕಿದರೆ ಅದರ ಶಕ್ತಿ ಕೊಳೆಯ ಮೇಲೇ ತೀರಿಹೋಗುತ್ತದೆ. 10 ಲೀಟರ್ ನೀರಿಗೆ 5 ಶೇಕಡಾ ಹೈಪೋಕ್ಲೋರೈಟ್ 40 ಮಿ.ಲೀ. ಸಾಕು. 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರಾದರೆ 7 ಗ್ರಾಂಗೂ ಕಡಿಮೆ. ಕೈಗೆ ಬಂದಷ್ಟು ಹಾಕಿ ಬ್ಲೇಡ್ ಅದರಲ್ಲೇ ನೆನೆಯಲು ಬಿಟ್ಟರೆ ತುಕ್ಕು ಹಿಡಿಯುತ್ತದೆ.

ನೀರು ಎಲ್ಲಿದೆ ಎಂದು ಇಲ್ಲಿಯ ಅಂಗಡಿಯವರು ಕೇಳುವುದು ನ್ಯಾಯವೇ. ಅತಿಯಾಗಿ ಅಂತರ್ಜಲ ಎತ್ತಿದ ಪ್ರದೇಶಗಳ ಪಟ್ಟಿಯಲ್ಲಿ ಈ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಕಾಣಿಸಿಕೊಂಡಿವೆ. ಆದರೆ ಬೇಕಾದ ಪ್ರಮಾಣ ನೋಡಿ: ಒಂದು ತೊಳೆತಕ್ಕೆ ಸೋಪಿನ ನೀರು, ಜಾಲಿಸುವ ನೀರು, ಕ್ಲೋರಿನ್ ನೀರು ತಲಾ 10 ಲೀಟರ್. ದಿನಕ್ಕೆ ಎರಡು ಸಲವಾದರೆ 60 ಲೀಟರ್. 2024ರ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ 5ರಿಂದ 10 ಕಿ.ಮೀ. ದೂರಕ್ಕೆ ನಿಗದಿ ಮಾಡಿದ್ದ ದರ 750 ರೂಪಾಯಿ, ಅಂದರೆ ಲೀಟರಿಗೆ 12.5 ಪೈಸೆ. ಆ ದರದಲ್ಲೂ 60 ಲೀಟರಿಗೆ ಏಳೂವರೆ ರೂಪಾಯಿ.

ಉಳಿದ ಬಾಬ್ತುಗಳಿಗೆ ದುಂಡು ದರ ಹಿಡಿದು ಲೆಕ್ಕ ಹಾಕೋಣ. ಹೆಚ್ಚುಕಡಿಮೆ ಇದ್ದರೆ ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬಹುದು. 20 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಕಾಯಿಸಲು 0.7 ಯೂನಿಟ್ ಕರೆಂಟು. ಯೂನಿಟ್ಟಿಗೆ 8 ರೂಪಾಯಿಯಂತೆ 5.60. ಹೈಪೋಕ್ಲೋರೈಟ್ 80 ಮಿ.ಲೀ., ಲೀಟರಿಗೆ 50ರಂತೆ 4 ರೂಪಾಯಿ. ಸೋಪಿನ ಪುಡಿ 100 ಗ್ರಾಂ, 10 ರೂಪಾಯಿ. ಬ್ರಷ್ಷು ಬಟ್ಟೆಯ ಸವೆತಕ್ಕೆ 5 ರೂಪಾಯಿ. ಇನ್ನು ಆಳಿನ ಸಮಯ: ಒಂದು ಸಲಕ್ಕೆ 25 ನಿಮಿಷದಂತೆ 50 ನಿಮಿಷ, 10 ಗಂಟೆಗೆ 700 ರೂಪಾಯಿ ಕೂಲಿಯಾದರೆ 58 ರೂಪಾಯಿ. ಎಲ್ಲ ಸೇರಿ ದಿನಕ್ಕೆ ಸುಮಾರು 90 ರೂಪಾಯಿ. ಇದರಲ್ಲಿ ಮೂರರಲ್ಲಿ ಎರಡು ಪಾಲು ಕೂಲಿಯೇ. ನೀರು, ರಾಸಾಯನಿಕ, ಕರೆಂಟು ದುಬಾರಿ ಎಂಬ ಮಾತು ನಿಲ್ಲುವುದಿಲ್ಲ. ನಿಜವಾಗಿ ಕೊರತೆಯಿರುವುದು ಭಾನುವಾರ ಬೆಳಿಗ್ಗೆ 9 ಗಂಟೆಯ ಆ 25 ನಿಮಿಷ.

ತೊಳೆಯದಿರುವುದಕ್ಕೂ ಬೆಲೆಯಿದೆ. ಒಳ್ಳೆಯ ಬ್ಲೇಡ್ ಒಂದು ಸಲ ಹಾಯ್ದರೆ ಸುಮಾರು 1 ಮಿ.ಮೀ. ಮಾಂಸ, ಮೂಳೆ ಪುಡಿಯಾಗುತ್ತದೆ. 2 ಸೆಂ.ಮೀ. ದಪ್ಪದ ಚಾಪ್ಸ್ ಕತ್ತರಿಸಿದರೆ 21 ಮಿ.ಮೀ.ಗೆ 1 ಮಿ.ಮೀ. ನಷ್ಟ, ಶೇಕಡಾ 4.8. ಕೊಬ್ಬು ಮೆತ್ತಿ, ಹಲ್ಲು ಮೊಂಡಾಗಿ, ಬ್ಲೇಡ್ ಅಲುಗಾಡಿ ಸೀಳು ಒಂದೂವರೆ ಮಿ.ಮೀ. ಆಯಿತೆನ್ನಿ: ನಷ್ಟ ಶೇಕಡಾ 7. ದಿನಕ್ಕೆ 30 ಕೆಜಿ ಕತ್ತರಿಸುವ ಅಂಗಡಿಯಲ್ಲಿ ಈ ಅರ್ಧ ಮಿ.ಮೀ. ವ್ಯತ್ಯಾಸವೇ ಸುಮಾರು 665 ಗ್ರಾಂ ಹೆಚ್ಚುವರಿ ಪುಡಿ. ಕೆಜಿಗೆ 800 ರೂಪಾಯಿಯಂತೆ 532 ರೂಪಾಯಿ. ಬ್ಲೇಡಿಗೆ ಒತ್ತಿ ನಿಲ್ಲುವ ಸ್ಕ್ರೇಪರ್ ಸರಿಯಾಗಿ ಕೂತಿದೆಯೇ ಎಂದು ದಿನಕ್ಕೆ ಒಂದೆರಡು ಸಲ ನೋಡಿದರೆ ಮೆತ್ತುವ ಕೊಬ್ಬಿನ ಬಹುಪಾಲು ಅಲ್ಲೇ ಉದುರುತ್ತದೆ.

ಈ ನಷ್ಟ ಯಾರದು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೊದಲು ತೂಕ, ಆಮೇಲೆ ಕತ್ತರಿಸುವುದು. ಟ್ರೇಗೆ ಬಿದ್ದ ಪುಡಿಯ ಹಣವನ್ನು ಗಿರಾಕಿ ಆಗಲೇ ಕೊಟ್ಟಿರುತ್ತಾರೆ. ಮಾಂಸಕ್ಕೆ ಮೆತ್ತಿಕೊಂಡ ಮೂಳೆಪುಡಿಯೂ ಅವರ ಕವರಿಗೇ ಹೋಗಿ ಮಾಂಸ ಬೇಗ ಕೆಡುತ್ತದೆ. ಕತ್ತರಿಸಿ ತೂಗಿ ಕೊಡುವ ಹೋಟೆಲ್ ಆರ್ಡರಿನಲ್ಲಿ ಮಾತ್ರ ನಷ್ಟ ಮಾಲೀಕರಿಗೆ ನೇರವಾಗಿ ತಟ್ಟುತ್ತದೆ. ಚಿಲ್ಲರೆ ಗಿರಾಕಿಯ ಎದುರಿಗೆ ಗರಗಸ ಕೊಳಕಾಗಿದ್ದರೂ ಗಲ್ಲಾಪೆಟ್ಟಿಗೆಗೆ ಅದು ಕಾಣುವುದಿಲ್ಲ.

25 ನಿಮಿಷ ಉಳಿಸುವ ದಾರಿ ಕಸಾಯಿಖಾನೆಗಳಲ್ಲಿ ಮೊದಲೇ ಇದೆ. ಅಲ್ಲಿ ಒಬ್ಬರಿಗೆ ಎರಡು ಚಾಕು: ಒಂದು ಕೈಯಲ್ಲಿ, ಇನ್ನೊಂದು 82 ಡಿಗ್ರಿಯ ನೀರಿನಲ್ಲಿ. ಗರಗಸಕ್ಕೂ ತೊಳೆದಿಟ್ಟ ಎರಡನೆಯ ಬ್ಲೇಡ್ ಒಂದಿದ್ದರೆ 9 ಗಂಟೆಗೆ ಯಂತ್ರ ನಿಲ್ಲಿಸಿ ಹಳೆಯದನ್ನು ತೆಗೆದು, ಚಕ್ರ, ಮೇಜು, ಸ್ಕ್ರೇಪರ್ ತೊಳೆದು ಹೊಸದನ್ನು ಕೂರಿಸಬಹುದು. 260 ಹಲ್ಲುಗಳನ್ನು ಉಜ್ಜುವ ನಿಧಾನದ ಕೆಲಸ ಸಾಲು ಕರಗಿದ ಮೇಲೆ ಆಗುತ್ತದೆ. ಬ್ಲೇಡಿಗೆ 600 ರೂಪಾಯಿ ಎಂದುಕೊಂಡರೂ ಅದು ಮುಕ್ಕಾಲು ಕೆಜಿ ಮಟನ್ನಿನ ಬೆಲೆ. ಗಾಂಧಿ ಜಯಂತಿಯಂಥ ಮಾಂಸ ಮಾರಾಟವಿಲ್ಲದ ದಿನಗಳಲ್ಲಿ ಬೇರಿಂಗಿನ ತನಕ ಪೂರ್ತಿ ಬಿಚ್ಚಿ ತೊಳೆದು ಒಣಗಿಸಬಹುದು.

ದಿನದ 90 ರೂಪಾಯಿಯನ್ನು 30 ಕೆಜಿಗೆ ಹಂಚಿದರೆ ಕೆಜಿಗೆ 3 ರೂಪಾಯಿ. 800ರ ಮಟನ್ 803 ಆದರೆ ಯಾವ ಗಿರಾಕಿಯೂ ಬೇರೆ ಅಂಗಡಿ ಹುಡುಕುವುದಿಲ್ಲ. ಅದನ್ನು ದರದ ಬೋರ್ಡಿನಲ್ಲೇ ಬರೆದು, ಕೊನೆಯ ಸಲ ಗರಗಸ ತೊಳೆದ ಹೊತ್ತನ್ನೂ ಪಕ್ಕದಲ್ಲಿ ನಮೂದಿಸಿದರೆ ಸಾಲಿನಲ್ಲಿ ನಿಂತವರೇ ಗಡಿಯಾರ ನೋಡಿ ಕೇಳುತ್ತಾರೆ.