ಕೆಮ್ಮು ಹಸುವಾದ ಕಥೆ

ಕಳೆದ ಜೂನ್‌ನ ಒಂದು ಸಂಜೆ. ಶಾಲೆಯಿಂದ ಬಂದ ಮೊಮ್ಮಗಳು ಚೀಲವನ್ನು ಜಗಲಿಯ ಮೇಲೆ ಎಸೆದು, ‘ಅಜ್ಜ, ಇನ್ಮೇಲೆ ನಿನ್ನ ಹತ್ರ ಇಂಗ್ಲಿಷ್ ಹೇಳಿಸ್ಕೊಳ್ಳಲ್ಲ’ ಎಂದಳು. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತವಳು ತಿಂಡಿಗೂ ಒಳಗೆ ಬರಲಿಲ್ಲ.

ತಪ್ಪು ನನ್ನದೇ. ಹಿಂದಿನ ವಾರ ಅವಳ ಪಾಠದಲ್ಲಿ ನೇಗಿಲು ಬಂದಿತ್ತು. ‘ಇದು ಪ್ಲೌ. ಕೊನೆಗೆ ಓ, ಯು, ಜಿ, ಎಚ್ ಬಂದರೆ ಔ ಅಂತ ಓದು, ಮುಗೀತು’ ಎಂದು ಹಿರಿಯನ ಗತ್ತಿನಲ್ಲಿ ಸೂತ್ರ ಕೊಟ್ಟಿದ್ದೆ. ಪಾಪ, ನಂಬಿದಳು. ತರಗತಿಯಲ್ಲಿ ‘ನನಗೆ ಕೆಮ್ಮು ಇದೆ’ ಎನ್ನುವ ವಾಕ್ಯ ಅವಳ ಪಾಲಿಗೆ ಬಂತು. ಇಂಗ್ಲಿಷಿನ ಕೆಮ್ಮಿನ ಕೊನೆಗೂ ಅದೇ ನಾಲ್ಕು ಅಕ್ಷರ. ‘ಐ ಹ್ಯಾವ್ ಎ ಕೌ’ ಎಂದು ಗಟ್ಟಿಯಾಗಿ ಓದಿದಳು. ‘ಎಷ್ಟು ಲೀಟರ್ ಹಾಲು ಕೊಡುತ್ತೆ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರಂತೆ. ಮೇಷ್ಟ್ರೂ ನಕ್ಕರಂತೆ.

ಅಂದಿನಿಂದ ಗಟ್ಟಿಯಾಗಿ ಓದುವುದನ್ನೇ ಬಿಟ್ಟಳು. ಓದು ಎಂದರೆ ಗಂಟಲು ನೋವು ಎನ್ನುತ್ತಿದ್ದಳು. ನನಗೆ ದಿಗಿಲಾಯಿತು, ಏಕೆಂದರೆ ಆ ಗಂಟಲು ನೋವು ನನಗೂ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹೇಬರ ಮುಂದೆ ಒಂದು ಪತ್ರ ಓದುತ್ತಾ ‘ಥರೊ’ ಎನ್ನಬೇಕಾದಲ್ಲಿ ‘ಥ್ರೂ’ ಎಂದಿದ್ದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ನಿವೃತ್ತಿಯಾಗುವವರೆಗೂ ಸಭೆಯಲ್ಲಿ ಇಂಗ್ಲಿಷ್ ಓದುವ ಸರದಿ ಬಂದರೆ ಕನ್ನಡಕ ಮರೆತು ಬಂದೆ ಎನ್ನುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಪುಟ್ಟಿಗೆ ಹೇಳಿದೆ. ಅವಳು ನಗಲಿಲ್ಲ. ‘ನಿನಗೂನಾ?’ ಎಂದಳು, ಅಷ್ಟೆ.

ಇಬ್ಬರೂ ನಿಘಂಟು ತೆಗೆದು ಕೂತೆವು. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅದೇ ನಾಲ್ಕು ಅಕ್ಷರದವರನ್ನು ಅವರವರ ದನಿಯ ಪ್ರಕಾರ ಕೂರಿಸಿದೆವು. ನೇಗಿಲು ‘ಪ್ಲೌ’. ಕೆಮ್ಮು ‘ಕಾಫ್’. ಒರಟು ‘ರಫ್’. ಕಲಸಿದ ಹಿಟ್ಟು ‘ಡೋ’. ಮೂಲಕ ಎನ್ನುವುದು ‘ಥ್ರೂ’. ಯೋಚನೆ ‘ಥಾಟ್’. ಪೂರ್ತಿಯಾಗಿ ಎನ್ನುವುದು ನನ್ನ ಮಾನ ಕಳೆದ ‘ಥರೊ’. ಬಿಕ್ಕಳಿಕೆಯನ್ನು ಹೀಗೂ ಬರೆಯುತ್ತಾರೆ, ಓದುವುದು ಮಾತ್ರ ‘ಹಿಕಪ್’. ಎಂಟು ಮನೆಗಳಾದವು! ಬಿಕ್ಕಳಿಕೆಗೂ ಕೆಮ್ಮಿಗೂ ನೆಂಟಸ್ತನವೇ ಇಲ್ಲ. ಇರಬೇಕು ಎಂದು ಯಾರೋ ಊಹಿಸಿ ಕೆಮ್ಮಿನ ಬಾಲವನ್ನು ಅದಕ್ಕೆ ಅಂಟಿಸಿದರು. ಇಂಗ್ಲೆಂಡಿನಲ್ಲಿ ಲಫ್‌ಬರ ಎಂಬ ಊರಿದೆ. ಅದರ ಹೆಸರಿನಲ್ಲಿ ಈ ನಾಲ್ಕು ಅಕ್ಷರ ಎರಡು ಸಲ ಬರುತ್ತವೆ, ಒಮ್ಮೆ ‘ಅಫ್’, ಇನ್ನೊಮ್ಮೆ ಬರೀ ‘ಅ’. ಆ ಊರಿನ ಮಕ್ಕಳ ಗತಿ ಏನು ಎಂದು ಪುಟ್ಟಿ ಮರುಗಿದಳು.

ಏಕೆ ಹೀಗೆ? ಇವು ಒಂದೇ ಬಳಗದ ಪದಗಳಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಒರಟು ‘ರೂಹ್’, ಹಿಟ್ಟು ‘ದಾಗ್’, ಮೂಲಕ ‘ಥುರ್ಹ್’ ಎಂಬಂತೆ ಕೇಳುತ್ತಿದ್ದವು. ಬೇರೆ ಬೇರೆ ಮನೆಯ ಮಕ್ಕಳಿಗೆ ಒಂದೇ ಸಮವಸ್ತ್ರ ತೊಡಿಸಿದಂತೆ ಕಾಲಕ್ರಮದಲ್ಲಿ ಎಲ್ಲಕ್ಕೂ ಒಂದೇ ಬರಹ ಬಂತು. ಆಗ ಆ ಭಾಷೆಯಲ್ಲಿ ಗಂಟಲನ್ನು ಕೆರೆದು ಹೊರಡಿಸುವ ‘ಖ್’ ಎಂಬಂಥ ದನಿಯೊಂದಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿ ಕಲಿತ ಬರಹಗಾರರು ಬಂದರು; ಆ ದನಿಯನ್ನು ಜಿ, ಎಚ್ ಸೇರಿಸಿ ಬರೆಯುವ ರೂಢಿ ಬೆಳೆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಅಚ್ಚಿನ ಮೊಳೆಗಳು ಹಳೆಯ ಬರಹವನ್ನು ಹಿಡಿದುಕೊಂಡವು, ನಾಲಿಗೆ ಮಾತ್ರ ಮುಂದೆ ನಡೆಯಿತು. ಗಂಟಲಿನ ದನಿ ಕೆಲವು ಪದಗಳಲ್ಲಿ ‘ಫ್’ ಆಯಿತು, ಉಳಿದವುಗಳಲ್ಲಿ ಸದ್ದಿಲ್ಲದೆ ಮಾಯವಾಯಿತು.

ನನಗೆ ಖುಷಿ ಕೊಟ್ಟ ಸಂಗತಿ ಬೇರೆ. ‘ನೈಟ್’ನಲ್ಲಿ ಸತ್ತು ಮಲಗಿದೆಯಲ್ಲ ಜಿ-ಎಚ್, ಜರ್ಮನ್ನರು ಅದನ್ನು ಇಂದಿಗೂ ‘ನಾಖ್ಟ್’ ಎಂದು ಗಂಟಲಿನಿಂದಲೇ ನುಡಿಯುತ್ತಾರೆ. ನಮ್ಮ ಪುರಾಣಗಳ ನಕ್ತಂಚರ ನೆನಪಿದೆಯೇ? ರಾತ್ರಿ ಸಂಚರಿಸುವವನು. ಆ ಸಂಸ್ಕೃತದ ‘ನಕ್ತ’ವೂ ಇವೂ ಒಂದೇ ಬೇರಿನವು. ‘ಡಾಟರ್’ ಮತ್ತು ‘ದುಹಿತೃ’ ಕೂಡ ಹಾಗೆಯೇ. ಇನ್ನು, ನನ್ನನ್ನು ಕೆಡವಿದ ‘ಥ್ರೂ’ ಮತ್ತು ‘ಥರೊ’ ಹಿಂದೆ ಒಂದೇ ಪದವಾಗಿದ್ದವಂತೆ! ಸಾಹೇಬರಿಗೆ ಈ ಮಾತು ಹೇಳಲು ತಡವಾಯಿತು.

‘ನಮ್ಮ ಕನ್ನಡದಲ್ಲಿ ಈ ಗೋಳಿಲ್ಲ ಅಲ್ವಾ ಅಜ್ಜ?’ ಎಂದಳು ಪುಟ್ಟಿ. ಇತ್ತು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಬಾಳೆ, ಕೋಳಿ, ಏಳು ಇವನ್ನೆಲ್ಲ ಅದರಲ್ಲೇ ಬರೆಯುತ್ತಿದ್ದರು: ಬಾೞೆ, ಕೋೞಿ, ಏೞು. ತಮಿಳರೂ ಮಲಯಾಳಿಗಳೂ ನಾಲಿಗೆಯನ್ನು ಮಡಿಸಿ ಆ ದನಿಯನ್ನು ಈಗಲೂ ಆಡುತ್ತಾರೆ. ನಮ್ಮವರ ಬಾಯಿಂದ ದನಿ ಹೋಯಿತು, ಹಿಂದೆಯೇ ಅಕ್ಷರವೂ ಹೋಯಿತು. ಇಂಗ್ಲಿಷಿನವರು ದನಿ ಸತ್ತರೂ ಅಕ್ಷರವನ್ನು ಬಿಡಲಿಲ್ಲ. ನಾವೂ ಪೂರಾ ಸಾಚಾ ಅಲ್ಲ: ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುವವರೇ ಹೆಚ್ಚು. ಪುಟ್ಟಿ ಎರಡನ್ನೂ ಹತ್ತು ಸಲ ಹೇಳಿ ನೋಡಿ ನಕ್ಕಳು. ಎಷ್ಟೋ ದಿನಗಳ ಮೇಲಿನ ನಗು.

ಶ್ರಾವಣದ ಹೊತ್ತಿಗೆ ತರಗತಿಯಲ್ಲಿ ತಾನಾಗಿ ಕೈಯೆತ್ತಿ ಒಂದು ಪುಟ ಓದಿದಳಂತೆ. ಎರಡು ತಪ್ಪು ಬಂದವು, ಆದರೂ ನಿಲ್ಲಿಸಲಿಲ್ಲ ಎಂದು ಅವಳೇ ಹೇಳಿದಳು. ನೋಟ್‌ಬುಕ್ಕಿಗೆ ಈಗಲೂ ಪದಗಳು ಸೇರುತ್ತಿವೆ. ಹೊಸದು ಸಿಕ್ಕರೆ ಮೊದಲು ನನ್ನಿಂದ ಓದಿಸುತ್ತಾಳೆ, ಕನ್ನಡಕ ಮರೆತೆ ಎನ್ನಲು ಬಿಡುವುದಿಲ್ಲ.

ಮೊನ್ನೆ ಮಳೆಯಲ್ಲಿ ನೆನೆದು ಬಂದು ರಾತ್ರಿಯಿಡೀ ಕೆಮ್ಮುತ್ತಿದ್ದೆ. ಬೆಳಿಗ್ಗೆ ಬಾಗಿಲಲ್ಲಿ ಇಣುಕಿದ ಪುಟ್ಟಿ ಅಡುಗೆಮನೆಯತ್ತ ತಿರುಗಿ ಕೂಗಿದಳು: ‘ಅಮ್ಮಾ, ಅಜ್ಜನ ಹತ್ರ ಹಸು ಇದೆ, ಕಷಾಯ ಮಾಡು!’