ಕೊಳವೆಬಾವಿಯ ನೀರು ನಿಂತಾಗ: ಮೋಟಾರು ಮೇಲೆತ್ತುವ ಮುನ್ನ



ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯಲ್ಲಿಯೂ ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿಯೂ ಮನೆಬಳಕೆಗೂ ತೋಟಕ್ಕೂ ಕೊಳವೆಬಾವಿಯೇ ಮುಖ್ಯ ಆಸರೆ. ಇಲ್ಲಿನ ನೆಲದಡಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆಯಿದ್ದು, ಅದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನೀರಿನ ಮಟ್ಟ ಕುಸಿಯುವುದು ಸಹಜ. ಆದರೆ ನೀರು ನಿಂತಿತೆಂದರೆ ಬಾವಿ ಬತ್ತಿತೆಂದೇ ಅರ್ಥವಲ್ಲ. ದೋಷವನ್ನು ಗುರುತಿಸದೆ ಸಾಲ ಮಾಡಿ ಹೊಸ ಬಾವಿ ಕೊರೆಸುವ ಮುನ್ನ ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ.

1. ವಿದ್ಯುತ್ ಪೂರೈಕೆ

ಮೂರು ಫೇಸ್‌ಗಳ ದೀಪಗಳೂ ಉರಿಯುತ್ತಿವೆಯೇ ನೋಡಿ. ಫೇಸ್‌ಗಳ ನಡುವೆ ಸುಮಾರು 415 ವೋಲ್ಟ್ ಇರಬೇಕು. ಸಿಂಗಲ್ ಫೇಸ್ ಮೋಟಾರಿಗೆ ಸುಮಾರು 230 ವೋಲ್ಟ್ ಬೇಕು. ಒಂದು ಫೇಸ್ ಇಲ್ಲದಿದ್ದಾಗ ಮತ್ತೆ ಮತ್ತೆ ಸ್ಟಾರ್ಟರ್ ಗುಂಡಿ ಒತ್ತಿದರೆ ಮೋಟಾರಿನ ಸುರುಳಿ ಸುಡುತ್ತದೆ. ಮೇನ್ ಸ್ವಿಚ್ ಆರಿಸದೆ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆಯಬೇಡಿ. ಒಳಗಿನ ಕೆಲಸವನ್ನು ಅನುಭವಿ ಎಲೆಕ್ಟ್ರಿಷಿಯನ್‌ಗೆ ಬಿಡಿ.

2. ಆಂಪಿಯರ್ ಮೀಟರು ಹೇಳುವುದೇನು?

- ಸೊನ್ನೆ: ಮೋಟಾರಿಗೆ ವಿದ್ಯುತ್ ತಲುಪುತ್ತಿಲ್ಲ. ಫ್ಯೂಸ್, ಸ್ಟಾರ್ಟರ್, ಕೇಬಲ್ ಜೋಡಣೆಗಳನ್ನು ಪರೀಕ್ಷಿಸಿ.
- ಎಂದಿಗಿಂತ ಬಹಳ ಕಡಿಮೆ, ನೀರೂ ಇಲ್ಲ: ನೀರಿನ ಮಟ್ಟ ಪಂಪಿಗಿಂತ ಕೆಳಗೆ ಹೋಗಿರಬಹುದು, ಇಲ್ಲವೇ ಮೋಟಾರು ಮತ್ತು ಪಂಪಿನ ನಡುವಿನ ಜೋಡಣೆ ಮುರಿದಿರಬಹುದು. ತಕ್ಷಣ ನಿಲ್ಲಿಸಿ.
- ಎಂದಿನಷ್ಟೇ ಇದೆ, ನೀರು ಕಡಿಮೆ: ಬಾವಿಯೊಳಗಿನ ಪೈಪು ತೂತಾಗಿರಬಹುದು. ಕೇಸಿಂಗ್ ಪೈಪಿನ ಬಾಯಿಯ ಬಳಿ ಕಿವಿಗೊಟ್ಟರೆ ಒಳಗೆ ನೀರು ಸುರಿಯುವ ಸದ್ದು ಕೇಳಿಸೀತು.
- ಎಂದಿಗಿಂತ ಹೆಚ್ಚು: ವೋಲ್ಟೇಜ್ ಕಡಿಮೆಯಿರಬಹುದು, ಪಂಪಿನೊಳಗೆ ಮರಳು ಸಿಕ್ಕಿರಬಹುದು ಅಥವಾ ಬೇರಿಂಗ್ ಸವೆದಿರಬಹುದು.
- ಮುಳ್ಳು ಓಲಾಡುತ್ತಿದ್ದು, ನೀರು ಗಾಳಿಯೊಡನೆ ಬಿಟ್ಟು ಬಿಟ್ಟು ಬರುತ್ತಿದೆ: ಬಾವಿಗೆ ಒಸರುವುದಕ್ಕಿಂತ ಹೆಚ್ಚು ನೀರನ್ನು ಪಂಪು ಎತ್ತುತ್ತಿದೆ.

3. ಬಾವಿಗೆ ವಿಶ್ರಾಂತಿ

ವಿದ್ಯುತ್ ಸರಿಯಿದ್ದೂ ನೀರು ಬಾರದಿದ್ದರೆ ಆರರಿಂದ ಎಂಟು ಗಂಟೆ ಬಿಟ್ಟು ಚಾಲನೆ ಮಾಡಿ. ಆಗ ನೀರು ಬಂದು ಸ್ವಲ್ಪ ಹೊತ್ತಿಗೆ ನಿಂತರೆ ಬಾವಿ ಪೂರ್ತಿ ಬತ್ತಿಲ್ಲ, ಒಸರು ಕಡಿಮೆಯಾಗಿದೆ ಎಂದು ತಿಳಿಯಿರಿ. 200 ಲೀಟರ್ ಡ್ರಮ್ ತುಂಬಲು 200 ಸೆಕೆಂಡು ಬೇಕಾದರೆ ಗಂಟೆಗೆ 3,600 ಲೀಟರ್ ನೀರು ಬರುತ್ತಿದೆ ಎಂದಾಯಿತು. ಎಷ್ಟು ನಿಮಿಷ ಎಡೆಬಿಡದೆ ನೀರು ಬರುವುದೋ ಅದಕ್ಕಿಂತ ಕಡಿಮೆ ಹೊತ್ತು, ದಿನಕ್ಕೆ ಎರಡು ಮೂರು ಬಾರಿ ನಡೆಸಿ ತೊಟ್ಟಿಯಲ್ಲಿ ಶೇಖರಿಸಿ. ಕುಡಿಯಲು ಮತ್ತು ಜಾನುವಾರುಗಳಿಗೆ ಮೊದಲು ಮೀಸಲಿಟ್ಟು, ಉಳಿದುದನ್ನು ಹನಿ ನೀರಾವರಿಗೆ ಬಳಸಿ.

4. ಒಣ ಓಟದಿಂದ ರಕ್ಷಣೆ

ಸಬ್‌ಮರ್ಸಿಬಲ್ ಮೋಟಾರು ತಂಪಾಗುವುದು ಸುತ್ತಲಿನ ನೀರಿನಿಂದಲೇ. ಆಟೋ ಸ್ಟಾರ್ಟರ್ ಇದ್ದಲ್ಲಿ, ರಾತ್ರಿ ವಿದ್ಯುತ್ ಬಂದೊಡನೆ ನೀರಿಲ್ಲದ ಬಾವಿಯಲ್ಲಿಯೂ ಮೋಟಾರು ತಾನೇ ಓಡತೊಡಗಿ ಬೆಳಗಾಗುವಷ್ಟರಲ್ಲಿ ಸುಟ್ಟಿರುತ್ತದೆ. ನೀರಿಲ್ಲದಾಗ ತಾನಾಗಿ ನಿಲ್ಲಿಸುವ ಡ್ರೈ ರನ್ ರಕ್ಷಕವನ್ನೂ ಸಿಂಗಲ್ ಫೇಸ್ ಪ್ರಿವೆಂಟರನ್ನೂ ತಪ್ಪದೆ ಅಳವಡಿಸಿ.

5. ಮೋಟಾರು ಎತ್ತಲೇಬೇಕಾದಾಗ

ದುರಸ್ತಿಯಾಗಿ ಬರುವವರೆಗೆ ಒಂದು ರಾತ್ರಿಯಾದರೂ ಸರಿ, ಬಾವಿಯ ಬಾಯಿಯನ್ನು ಭದ್ರವಾದ ಮುಚ್ಚಳದಿಂದ ಮುಚ್ಚಿ. ತೆರೆದ ಕೊಳವೆಬಾವಿಗಳಲ್ಲಿ ಮಕ್ಕಳು ಬಿದ್ದ ಪ್ರಕರಣಗಳ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಈ ಬಗ್ಗೆ ನಿರ್ದೇಶನ ನೀಡಿದೆ. ಪಂಪನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಅಥವಾ ಹೊಸದಾಗಿ ಕೊರೆಸಿದರೆ, ಕುಡಿಯುವ ಮುನ್ನ ನೀರನ್ನು ಫ್ಲೋರೈಡ್ ಪರೀಕ್ಷೆಗೆ ಕೊಡಿ. ಲೀಟರಿಗೆ 1 ಮಿಲಿಗ್ರಾಂವರೆಗೆ ಸೂಕ್ತ. ಬೇರೆ ನೀರಿನ ಮೂಲವಿಲ್ಲದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಮೇಲಿನ ಪರೀಕ್ಷೆಗಳಲ್ಲಿ "ಎಂದಿನ" ಆಂಪಿಯರ್ ಎಷ್ಟೆಂದು ತಿಳಿಯದಿದ್ದರೆ ಮೀಟರಿನಿಂದ ಪ್ರಯೋಜನವಿಲ್ಲ. ಮೋಟಾರು ಚೆನ್ನಾಗಿ ಓಡುತ್ತಿರುವಾಗಲೇ ಆಂಪಿಯರ್, ವೋಲ್ಟೇಜ್ ಮತ್ತು ಡ್ರಮ್ ತುಂಬುವ ಸಮಯವನ್ನು ತಿಂಗಳಿಗೊಮ್ಮೆ ಸ್ಟಾರ್ಟರ್ ಪೆಟ್ಟಿಗೆಯ ಬಳಿ ಬರೆದಿಡುವಂತೆ ರೈತರಿಗೆ ತಿಳಿಸಿ. ನೀರು ನಿಂತ ದಿನ, ದೋಷವಿರುವುದು ಬಾವಿಯಲ್ಲೋ ಯಂತ್ರದಲ್ಲೋ ಎಂಬುದನ್ನು ತಿಳಿಯಲು ಆ ಬರಹವೇ ಆಧಾರ.