ಕೊಲ್ಲಾಪುರದಲ್ಲಿ ನೆನಪಾದ ಒಂದು ಸಂಖ್ಯೆ

ರಜೆಯಲ್ಲಿ ಕೊಲ್ಲಾಪುರಕ್ಕೆ ಹೋಗಿದ್ದೆವು. ಮಹಾಲಕ್ಷ್ಮಿಯ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಾಗ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ನೆನಪಾಯಿತು. ನಾಡಿಗೆ ಒದಗಿದ ವಿಪತ್ತು ಕಳೆಯಲೆಂದು ಆತ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. ೮೭೧ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಆಕೆ ಈ ಕೊಲ್ಲಾಪುರದ ದೇವಿಯೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಅರಸನ ಬೆರಳಿಗಿಂತ ಅವನ ಕಾಲದ ಲೆಕ್ಕ ನಮಗೆ ಹತ್ತಿರ. ಆತನನ್ನು ಕೊಂಡಾಡಿಯೇ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ೧೯೧೨ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಅಚ್ಚು ಹಾಕಿಸಿದಾಗ ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಗುಣಾಕಾರದ ಭಾಗದಲ್ಲಿ ಆಚಾರ್ಯರು ಕೆಲವು ಉತ್ತರಗಳನ್ನು ಕಂಠಾಭರಣವೆಂದು ಕರೆದಿದ್ದಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಓದುಗರು ಪೆನ್ಸಿಲು ಹಿಡಿಯಲಿ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಬರುವುದು ೧೨೩೪೫೬೫೪೩೨೧. ಮಾಯವೇನೂ ಇಲ್ಲ. ೪೪೧ ಎಂದರೆ ೨೧ರ ವರ್ಗ, ಇನ್ನೊಂದು ೫೨೯೧ರ ವರ್ಗ. ೨೧ನ್ನು ೫೨೯೧ರಿಂದ ಗುಣಿಸಿದರೆ ೧೧೧೧೧೧. ಅಂದರೆ ನಮ್ಮ ಹಾರ ಆರು ಒಂದುಗಳ ವರ್ಗ. ೧೧೧೧೧೧ನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಸಾಲು ಬರೆದು ಕೂಡಿಸಿ. ಅಂಚಿನ ಕಂಬದಲ್ಲಿ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು. ಒಟ್ಟು ಮೂವತ್ತಾರು ಒಂದುಗಳಾದ್ದರಿಂದ ಅಂಕಿಗಳ ಮೊತ್ತವೂ ೩೬. ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭, ಪ್ರತಿಯೊಂದೂ ಎರಡೆರಡು ಸಲ. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ೨೪೩.

ಮರುದಿನ ಮಗ್ಗಗಳ ಊರಾದ ಇಚಲಕರಂಜಿಗೆ ಹೋದೆವು. ಎರಡೂ ಬದಿಗೆ ಒಂದೇ ಅಂಚು ಬಿಡುವವರಿಗೆ ಈ ಹಾರದ ಗುಟ್ಟು ಹೇಳಿಕೊಡಬೇಕಾದ್ದಿಲ್ಲ.

ಗಡಹಿಂಗ್ಲಜದ ಪೇಟೆಯಲ್ಲಿ ಕಂಡದ್ದು ಬೇರೆ. ಮುದುಕ ಅಂಗಡಿಯವರೊಬ್ಬರು ಗಿರಾಕಿಯೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದರು. ನೋಟು ಎಣಿಸುವಾಗ ಮಾತ್ರ ತುಟಿಯೊಳಗೆ "ಒಂದು, ಎರಡು, ಮೂರು". ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದ 'ಕವಿರಾಜಮಾರ್ಗ'ವೂ ಅದೇ ನೃಪತುಂಗನ ಕಾಲದ್ದಲ್ಲವೆ?

ಊರಿಗೆ ಬಂದು ನಮ್ಮ ಒಂಬತ್ತನೆಯ ತರಗತಿಯ ಹಲಗೆಯ ಮೇಲೆ ಆ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲೇ ಬರೆದೆವು. ಓದಿರಿ ಎಂದರೆ ಮೌನ. ಕನ್ನಡ ಮಾಧ್ಯಮದ ಮಕ್ಕಳು! ಒಬ್ಬಳು 'ವನ್, ಟೂ' ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಒಪ್ಪಿಸಿದಳು. ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ, ಇದು ಹನ್ನೊಂದನೆಯದಾದ ಅರ್ಬುದದವರೆಗಷ್ಟೇ ಹೋಗುತ್ತದೆ ಎಂದೆವು. ಕೊನೆಗೆ ಹಿಂದಿನ ಬೆಂಚಿನವನು ಎದ್ದು ಬೆರಳಿಟ್ಟು ಎಣಿಸಿ ಓದಿದ: "ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು."

ಕುಳಿತುಕೊಳ್ಳಲಿಲ್ಲ. "ಏಳು ಒಂದು ಹಾಕಿದರೆ ಸರ್?"

ಒಂಬತ್ತರವರೆಗೆ ಹಾರ ಸರಿಯಾಗಿ ಬಂತು. ಹತ್ತು ಒಂದುಗಳಿಗೆ ನಡುವಿನ ಕಂಬದಲ್ಲಿ ಹತ್ತಾಗಿ, ಕೈಯಲ್ಲಿ ಒಂದು ಉಳಿದು, ೧೨೩೪೫೬೭೯೦೦೯೮೭೬೫೪೩೨೧ ಆಯಿತು. ಎಲ್ಲೋ ತಪ್ಪಿದ್ದೇವೆಂದು ಮಕ್ಕಳು ಒರೆಸಿ ಮತ್ತೆ ಮೊದಲಿನಿಂದ ಗುಣಿಸತೊಡಗಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.